ನನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗುತ್ತದೆ, ಗೆಳೆಯನದರಲ್ಲಿ ಆಗಲ್ಲ: ಎನ್‌ಡಿಕೆ ಎಲ್ಲಿ ಎಡವುತ್ತಿದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಗಂಗಾವತಿಯವನು. ಇಲ್ಲಿನ ರೈಸ್ ಮಿಲ್‌ಗಳಿಗಾಗಿ ಗೆಳೆಯನ ಜೊತೆ ಸೇರಿ ಫ್ಲಟರ್‌ನಲ್ಲಿ (ಆಪ್ ಕಟ್ಟಲು ಗೂಗಲ್ ಕೊಡುವ ಚೌಕಟ್ಟು) ಒಂದು ಆಂಡ್ರಾಯ್ಡ್ ಆಪ್ ಮಾಡುತ್ತಿದ್ದೇನೆ. ಭತ್ತದ ಲಾರಿ ಕಾಟಾ ಮೇಲೆ ನಿಂತಾಗ ಅದರ ತೂಕ ಯುಎಸ್‌ಬಿ ಕೇಬಲ್ ಮೂಲಕ ನೇರ ಫೋನಿಗೆ ಬರಬೇಕು. ಬಂದ ಡೇಟಾ ಬಿಡಿಸಿ ಓದುವ ಭಾಗವನ್ನು ನಾವೇ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದೇವೆ, ಅದನ್ನು ಆಂಡ್ರಾಯ್ಡ್‌ಗೆ ಕಟ್ಟಲು ಎನ್‌ಡಿಕೆ ಎಂಬ ಟೂಲ್‌ಗಳ ಕಟ್ಟು ಬೇಕು. ಇನ್ನೊಂದು ಲೈಬ್ರರಿಯನ್ನು ಕಾಟಾ ಮೆಷಿನ್ ಕಂಪನಿಯವರು ರೆಡಿ ಮಾಡಿ ಕೊಟ್ಟಿದ್ದಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ (ಕೋಡ್‌ನಿಂದ ಆಪ್ ತಯಾರಿಸುವುದು) ಆಗುತ್ತದೆ. ರಾಯಚೂರಿನಲ್ಲಿರುವ ಗೆಳೆಯನದರಲ್ಲಿ ಆಗುತ್ತಿಲ್ಲ. ಮೊದಲು ‘ಎನ್‌ಡಿಕೆ ಫೋಲ್ಡರ್‌ನಲ್ಲಿ ಸೋರ್ಸ್ ಡಾಟ್ ಪ್ರಾಪರ್ಟೀಸ್ ಫೈಲ್ ಇಲ್ಲ’ ಎಂಬ ಎರರ್ ಬಂತು. ಅವನು ಯಾವುದೋ ವಿಡಿಯೋ ನೋಡಿ ಲೋಕಲ್ ಡಾಟ್ ಪ್ರಾಪರ್ಟೀಸ್‌ನಲ್ಲಿ ಎನ್‌ಡಿಕೆ ಡಾಟ್ ಡಿರ್ ಎಂದು ಪಾತ್ ಬರೆದ. ಆಗ ‘25.1.8937393 ಸಿಕ್ಕಿದೆ, ಪ್ರಾಜೆಕ್ಟ್ ಕೇಳುತ್ತಿರುವುದು 26.3.11579264’ ಎಂದು ಬಿಲ್ಡ್ ನಿಂತಿತು. ನನ್ನದರಲ್ಲೂ ‘ಒಂದು ಪ್ಲಗಿನ್‌ಗೆ 27.0.12077973 ಬೇಕು’ ಎಂಬ ಎಚ್ಚರಿಕೆ ಬರುತ್ತಿದೆ. ಪ್ಲೇ ಕನ್ಸೋಲ್ ಬೇರೆ 16 ಕೆಬಿ ಅಂತ ಏನೋ ಹೇಳುತ್ತಿದೆ. ಯಾವ ವರ್ಷನ್ ಹಾಕಬೇಕು? ಪಾತ್ ಎಲ್ಲಿ ಬರೆಯಬೇಕು? ಇಬ್ಬರೂ ಮತ್ತೆ ಡೌನ್‌ಲೋಡ್ ಮಾಡಬೇಕಾ? ಇಬ್ಬರದೂ ಮೊಬೈಲ್ ಹಾಟ್‌ಸ್ಪಾಟ್ ನೆಟ್.

ಉತ್ತರ: ನೀವು ಬರೆದಿರುವುದು ನಾಲ್ಕು ಬೇರೆ ಬೇರೆ ತೊಂದರೆ. ನಾಲ್ಕೂ ಎನ್‌ಡಿಕೆ ಹೆಸರಿನಲ್ಲೇ ಬಂದಿದ್ದರಿಂದ ಒಂದೇ ಅನ್ನಿಸಿದೆ, ಅಷ್ಟೇ. ಮೊದಲನೆಯದು ಅರ್ಧಕ್ಕೆ ನಿಂತ ಡೌನ್‌ಲೋಡ್. ಎರಡನೆಯದು ಹಳೇ ಪದ್ಧತಿಯ ಪಾತ್. ಮೂರನೆಯದು ಪ್ಲಗಿನ್‌ಗಳ (ಆಪ್‌ಗೆ ಸೇರಿಸಿಕೊಂಡ ಸಿದ್ಧ ಕೋಡ್‌ಗಳ) ನಡುವಿನ ಹೊಂದಾಣಿಕೆ. ನಾಲ್ಕನೆಯದು ಪ್ಲೇ ಸ್ಟೋರ್‌ನ ನಿಯಮ. ನಿಮ್ಮ ಗೆಳೆಯ ಮೊದಲನೆಯದಕ್ಕೆ ಎರಡನೆಯದರ ಮದ್ದು ಹಾಕಲು ಹೋಗಿದ್ದಾರೆ, ಅದಕ್ಕೇ ಎರರ್ ಹೋಗದೆ ಬರೀ ರೂಪ ಬದಲಾಯಿಸಿತು.

ಎಲ್ಲಕ್ಕಿಂತ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಎನ್‌ಡಿಕೆಯ ವರ್ಷನ್ ಪ್ರಾಜೆಕ್ಟ್‌ಗೆ ಸೇರಿದ್ದು, ಪಾತ್ ಆಯಾ ಲ್ಯಾಪ್‌ಟಾಪ್‌ಗೆ ಸೇರಿದ್ದು. ವರ್ಷನ್ ಎಲ್ಲರಿಗೂ ಒಂದೇ ಇರಬೇಕು, ಹಾಗಾಗಿ ಅದನ್ನು ಗಿಟ್‌ಗೆ (ಇಬ್ಬರೂ ಕೋಡ್ ಹಂಚಿಕೊಳ್ಳುವ ವ್ಯವಸ್ಥೆಗೆ) ಹೋಗುವ ಫೈಲ್‌ನಲ್ಲಿ ಬರೆಯಬೇಕು. ಪಾತ್ ಒಬ್ಬೊಬ್ಬರದು ಒಂದೊಂದು ಇರುತ್ತದೆ, ಅದು ಗಿಟ್‌ಗೆ ಹೋಗಲೇಬಾರದು. ನಿಜ ಹೇಳಬೇಕೆಂದರೆ ಎನ್‌ಡಿಕೆಗೆ ನೀವು ಪಾತ್ ಬರೆಯುವ ಅಗತ್ಯವೇ ಇಲ್ಲ. ಎಸ್‌ಡಿಕೆ (ಆಂಡ್ರಾಯ್ಡ್ ಆಪ್ ಮಾಡುವ ಟೂಲ್‌ಗಳ ಕಟ್ಟು) ಎಲ್ಲಿದೆ ಅಂತ ಬಿಲ್ಡ್ ನಡೆಸುವ ಟೂಲ್ ಆದ ಗ್ರೇಡಲ್‌ಗೆ ಗೊತ್ತಿದ್ದರೆ ಎನ್‌ಡಿಕೆಯನ್ನು ಅದೇ ಹುಡುಕಿಕೊಳ್ಳುತ್ತದೆ.

ಹೇಗೆ ಹುಡುಕುತ್ತದೆ ನೋಡಿ. ಹಿಂದೆ ಎಸ್‌ಡಿಕೆ ಫೋಲ್ಡರ್ ಒಳಗೆ ಎನ್‌ಡಿಕೆ-ಬಂಡಲ್ ಎಂಬ ಒಂದೇ ಜಾಗ ಇತ್ತು. ಅದರಲ್ಲಿ ಒಂದೇ ವರ್ಷನ್ ಇರಲು ಸಾಧ್ಯವಿತ್ತು. ಆಂಡ್ರಾಯ್ಡ್ ಆಪ್ ಕಟ್ಟಲು ಗ್ರೇಡಲ್‌ಗೆ ಸೇರಿಸುವ ಭಾಗವಾದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 3.5ರಿಂದ ಈ ಪದ್ಧತಿ ಬದಲಾಯಿತು. ಈಗ ಎಸ್‌ಡಿಕೆ ಒಳಗೆ ಎನ್‌ಡಿಕೆ ಎಂಬ ಫೋಲ್ಡರ್, ಅದರೊಳಗೆ ಪ್ರತಿ ವರ್ಷನ್‌ಗೂ ಅದರ ಪೂರ್ತಿ ನಂಬರ್ ಹೆಸರಿನದೇ ಒಂದು ಫೋಲ್ಡರ್. ಎರಡಿರಲಿ, ಐದಿರಲಿ, ಅಕ್ಕಪಕ್ಕ ಇರುತ್ತವೆ, ಒಂದಕ್ಕೊಂದು ತೊಂದರೆ ಕೊಡುವುದಿಲ್ಲ. ಪ್ರಾಜೆಕ್ಟ್ ಯಾವ ನಂಬರ್ ಕೇಳುತ್ತದೋ ಗ್ರೇಡಲ್ ಆ ಫೋಲ್ಡರ್‌ಗೆ ಹೋಗುತ್ತದೆ. ಅದರೊಳಗಿನ ಸೋರ್ಸ್ ಡಾಟ್ ಪ್ರಾಪರ್ಟೀಸ್ ಎಂಬ ಪುಟ್ಟ ಫೈಲ್ ತೆರೆದು ವರ್ಷನ್ ಓದುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಿ. ಎರಡು ಮೂರು ಸಾಲು ಇರುತ್ತವೆ, ಅದರಲ್ಲಿ ಪಿಕೆಜಿ ಡಾಟ್ ರಿವಿಷನ್ ಎಂಬ ಸಾಲಿನ ಮುಂದೆ ನಂಬರ್ ಇರುತ್ತದೆ. ಆ ಫೋಲ್ಡರ್ ನಿಜಕ್ಕೂ ಯಾವ ಎನ್‌ಡಿಕೆ ಅನ್ನುವುದಕ್ಕೆ ಗ್ರೇಡಲ್ ನಂಬುವುದು ಈ ಸಾಲನ್ನೇ.

ಈಗ ಗೆಳೆಯರ ಮೊದಲ ಎರರ್, ಗ್ರೇಡಲ್ ಅದಕ್ಕೆ ಕೊಡುವ ನಂಬರ್ ಸಿಎಕ್ಸ್‌ಎಕ್ಸ್ 1101. ಅವರ ಲ್ಯಾಪ್‌ಟಾಪ್‌ನಲ್ಲಿ 26.3.11579264 ಎಂಬ ಫೋಲ್ಡರ್ ಇದೆ, ಒಳಗೆ ಸಾಮಾನಿಲ್ಲ. ಆ ಫೋಲ್ಡರ್ ತೆರೆಯಲು ಹೇಳಿ. ಬಹುಶಃ ಡಾಟ್ ಇನ್‌ಸ್ಟಾಲರ್ ಎಂಬ ಒಂದು ಹೆಸರು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪ್ರಾಜೆಕ್ಟ್ ಕೇಳಿದ ಎನ್‌ಡಿಕೆ ಇಲ್ಲದಿದ್ದರೆ, ಲೈಸನ್ಸ್ ಒಪ್ಪಿಕೊಂಡಿದ್ದರೆ, ಗ್ರೇಡಲ್ ಬಿಲ್ಡ್ ನಡುವೆಯೇ ಸುಮ್ನೆ ಡೌನ್‌ಲೋಡ್ ಶುರು ಮಾಡುತ್ತದೆ. ಪರದೆ ಮೇಲೆ ಏನೂ ಚಲನೆ ಕಾಣುವುದಿಲ್ಲ. ಹ್ಯಾಂಗ್ ಆಯಿತು ಅಂದುಕೊಂಡು ಜನ ಬಿಲ್ಡ್ ನಿಲ್ಲಿಸುತ್ತಾರೆ. ಇಲ್ಲವೇ ಕರೆಂಟ್ ಹೋಗುತ್ತದೆ, ಹಾಟ್‌ಸ್ಪಾಟ್‌ನ ದಿನದ ಡೇಟಾ ಮುಗಿಯುತ್ತದೆ. ಖಾಲಿ ಫೋಲ್ಡರ್ ಉಳಿದುಬಿಡುತ್ತದೆ. ಮುಂದಿನ ಸಲ ಗ್ರೇಡಲ್ ಆ ಫೋಲ್ಡರ್ ನೋಡಿ ಎನ್‌ಡಿಕೆ ಇದೆ ಅಂದುಕೊಳ್ಳುತ್ತದೆ, ಒಳಗೆ ಫೈಲ್ ಸಿಗದೆ ಎರರ್ ಕೊಡುತ್ತದೆ.

ಮದ್ದು ಸರಳ. ಆ ಒಂದು ಫೋಲ್ಡರ್ ಅಳಿಸಿ, ಅಷ್ಟೇ. ಇಡೀ ಎಸ್‌ಡಿಕೆ ಅಳಿಸಬೇಡಿ, ಆಂಡ್ರಾಯ್ಡ್ ಸ್ಟುಡಿಯೋ ತೆಗೆದು ಮತ್ತೆ ಹಾಕಬೇಡಿ. ಆಮೇಲೆ ಬಿಲ್ಡ್ ಒಳಗೆ ಡೌನ್‌ಲೋಡ್ ಆಗಲು ಬಿಡದೆ ಮೊದಲೇ ಇಳಿಸಿಕೊಳ್ಳಿ. ಆಂಡ್ರಾಯ್ಡ್ ಸ್ಟುಡಿಯೋದ ಎಸ್‌ಡಿಕೆ ಮ್ಯಾನೇಜರ್‌ನಲ್ಲಿ ಎಸ್‌ಡಿಕೆ ಟೂಲ್ಸ್ ಟ್ಯಾಬ್‌ಗೆ ಹೋಗಿ, ಕೆಳಗಿರುವ ‘ಶೋ ಪ್ಯಾಕೇಜ್ ಡೀಟೇಲ್ಸ್’ ಟಿಕ್ ಮಾಡಿ. ಆಗ ಮಾತ್ರ ಒಂದೊಂದು ವರ್ಷನ್ ಬಿಡಿಬಿಡಿಯಾಗಿ ಕಾಣುತ್ತದೆ. ಆ ಟಿಕ್ ಹಾಕದಿದ್ದರೆ ಅದು ತನಗೆ ಹೊಸದು ಅನ್ನಿಸಿದ್ದನ್ನು ಇಳಿಸುತ್ತದೆ, ನಿಮ್ಮ ಪ್ರಾಜೆಕ್ಟ್ ಕೇಳಿದ್ದನ್ನಲ್ಲ.

ಡೇಟಾ ಉಳಿಸುವ ದಾರಿಯೂ ಇದೆ. ಒಂದೊಂದು ಎನ್‌ಡಿಕೆ ನೂರಾರು ಎಂಬಿ ಡೌನ್‌ಲೋಡ್, ಬಿಚ್ಚಿದ ಮೇಲೆ ಜಿಬಿಗಳ ಲೆಕ್ಕ. ಇಬ್ಬರೂ ಇಳಿಸಬೇಕಿಲ್ಲ. ಒಬ್ಬರು ಪೂರ್ತಿ ಇಳಿಸಿ, ಆ ನಂಬರಿನ ಫೋಲ್ಡರನ್ನು ಹಾಗೇ ಪೆನ್‌ಡ್ರೈವ್‌ನಲ್ಲಿ ಇನ್ನೊಬ್ಬರ ಎಸ್‌ಡಿಕೆಯ ಎನ್‌ಡಿಕೆ ಫೋಲ್ಡರ್‌ಗೆ ಹಾಕಬಹುದು. ಇದಕ್ಕೆ ಒಂದು ಷರತ್ತು, ಇಬ್ಬರದೂ ಒಂದೇ ಆಪರೇಟಿಂಗ್ ಸಿಸ್ಟಮ್ ಆಗಿರಬೇಕು. ವಿಂಡೋಸ್‌ನ ಎನ್‌ಡಿಕೆ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಅದರೊಳಗಿನ ಕಂಪೈಲರ್‌ಗಳು (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಟೂಲ್‌ಗಳು) ಆಯಾ ಸಿಸ್ಟಮ್‌ಗೆ ಕಟ್ಟಿದವು. ಫೈಲ್‌ಗಳು ಸಾವಿರಾರು, ಬಿಡಿಯಾಗಿ ಕಾಪಿ ಮಾಡಿದರೆ ತುಂಬಾ ಹೊತ್ತು ಹಿಡಿಯುತ್ತದೆ. ಜಿಪ್ ಮಾಡಿಯೇ ಒಯ್ಯಿರಿ. ಲಿನಕ್ಸ್‌ನಲ್ಲಿದ್ದರೆ ಟಾರ್ ಮಾಡಿ ಒಯ್ಯಬೇಕು, ಯಾಕೆಂದರೆ ಅಲ್ಲಿ ಕ್ಲ್ಯಾಂಗ್ ಕಂಪೈಲರ್ ಮುಂತಾದ ಕೆಲವು ಹೆಸರುಗಳು ಸಿಂಬಾಲಿಕ್ ಲಿಂಕ್‌ಗಳು, ಅಂದರೆ ಬೇರೆ ಫೈಲಿಗೆ ಬೆರಳು ತೋರುವ ಹೆಸರುಗಳು. ಸಾಮಾನ್ಯ ಪೆನ್‌ಡ್ರೈವ್‌ನ ಫೈಲ್ ಸಿಸ್ಟಮ್‌ಗೆ ಅವನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ಇನ್ನು ಎರಡನೇ ಎರರ್, ಸಿಎಕ್ಸ್‌ಎಕ್ಸ್ 1104. ಎನ್‌ಡಿಕೆ ಡಾಟ್ ಡಿರ್ ಎಂಬುದು ಎನ್‌ಡಿಕೆ-ಬಂಡಲ್ ಕಾಲದ ಸೆಟ್ಟಿಂಗ್. ಗೂಗಲ್ ಅದನ್ನು ಬಿಡಿ ಎಂದು ಹೇಳಿ ವರ್ಷಗಳಾದವು, ಹಳೇ ವಿಡಿಯೋಗಳಲ್ಲಿ ಮಾತ್ರ ಇನ್ನೂ ಉಳಿದಿದೆ. ಗೆಳೆಯರು ಅಲ್ಲಿ ತಮ್ಮ ಬಳಿ ಇದ್ದ 25.1ರ ಪಾತ್ ಕೊಟ್ಟರು, ಪ್ರಾಜೆಕ್ಟ್ 26.3 ಕೇಳುತ್ತಿತ್ತು. ಒಂದೇ ಲಾರಿಗೆ ಎರಡು ಕಾಟಾ ಚೀಟಿ, ಎರಡರಲ್ಲೂ ಬೇರೆ ತೂಕ ಇದ್ದರೆ ಮಿಲ್‌ನವರು ಲೋಡ್ ಇಳಿಸಿಕೊಳ್ಳುತ್ತಾರಾ? ಗ್ರೇಡಲ್ ಕೂಡ ನಿಂತುಬಿಟ್ಟಿತು, ನಿಂತಿದ್ದೇ ಒಳ್ಳೆಯದಾಯಿತು. ಸುಮ್ಮನೆ ಮುಂದೆ ಹೋಗಿದ್ದರೆ ನಿಮ್ಮಿಬ್ಬರ ಎಪಿಕೆಗಳು (ಫೋನಿಗೆ ಹಾಕುವ ಆಪ್ ಫೈಲ್‌ಗಳು) ಬೇರೆ ಬೇರೆ ಕಂಪೈಲರ್‌ನಲ್ಲಿ ತಯಾರಾಗುತ್ತಿದ್ದವು. ಮುಂದೆ ಒಬ್ಬರ ಫೋನಿನಲ್ಲಿ ಮಾತ್ರ ಆಪ್ ಬೀಳಲು ಶುರುವಾದಾಗ ಕಾರಣ ಹುಡುಕುವುದು ಎಷ್ಟು ಕಷ್ಟ, ಯೋಚಿಸಿ.

ಆ ಸಾಲು ಅಳಿಸಿಬಿಡಿ. ಲೋಕಲ್ ಡಾಟ್ ಪ್ರಾಪರ್ಟೀಸ್‌ನಲ್ಲಿ ಎಸ್‌ಡಿಕೆ ಡಾಟ್ ಡಿರ್ ಸಾಲು ಇರಲಿ, ಫ್ಲಟರ್ ತಾನಾಗಿ ಬರೆಯುವ ಸಾಲುಗಳು ಇರಲಿ, ಸಾಕು. ಆ ಫೈಲ್ ಗಿಟ್‌ಗೆ ಹೋಗಿದೆಯಾ ಅಂತಲೂ ನೋಡಿಕೊಳ್ಳಿ. ಹೋಗಿದ್ದರೆ ತೆಗೆಯಿರಿ. ನಿಮ್ಮ ಲ್ಯಾಪ್‌ಟಾಪ್‌ನ ಪಾತ್ ರಾಯಚೂರಿನ ಲ್ಯಾಪ್‌ಟಾಪ್‌ಗೆ ಏನೂ ಉಪಯೋಗವಿಲ್ಲ. ವಿಂಡೋಸ್‌ನಲ್ಲಿ ಈ ಫೈಲನ್ನು ಕೈಯಿಂದ ತಿದ್ದುವವರು ಪಾತ್‌ನ ಪ್ರತಿ ಬ್ಯಾಕ್‌ಸ್ಲ್ಯಾಶನ್ನೂ ಎರಡೆರಡು ಸಲ ಬರೆಯಬೇಕು. ಒಂದೇ ಬರೆದರೆ ಅದು ಪಾತ್ ಭಾಗವಾಗಿ ಉಳಿಯುವುದಿಲ್ಲ, ಅರ್ಧ ಪಾತ್ ನುಂಗಿಹೋಗುತ್ತದೆ.

ಪಾತ್ ವಿಷಯದಲ್ಲಿ ನಮ್ಮ ಕಡೆ ಜಾಸ್ತಿ ಕಾಣುವ ಇನ್ನೊಂದು ತೊಂದರೆ ಇದೆ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರೇ ವಿಂಡೋಸ್ ಹಾಕಿ, ಯೂಸರ್ ಹೆಸರಿಗೆ ನಿಮ್ಮ ಹೆಸರು, ಮಧ್ಯೆ ಸ್ಪೇಸ್, ಆಮೇಲೆ ಅಪ್ಪನ ಹೆಸರು ಕೊಟ್ಟಿರುತ್ತಾರೆ. ಎಸ್‌ಡಿಕೆ ಆ ಯೂಸರ್ ಫೋಲ್ಡರ್ ಒಳಗೇ ಕೂರುತ್ತದೆ. ಪಾತ್‌ನಲ್ಲಿ ಸ್ಪೇಸ್ ಇದ್ದರೆ ಎನ್‌ಡಿಕೆಯ ಕೆಲವು ಟೂಲ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಕನ್ನಡ ಅಕ್ಷರದ ಫೋಲ್ಡರ್ ಹೆಸರಿದ್ದರೂ ಅಷ್ಟೇ. ಹೀಗಿದ್ದರೆ ಯೂಸರ್ ಹೆಸರು ಬದಲಿಸಲು ಹೋಗಬೇಡಿ, ಎಸ್‌ಡಿಕೆಯನ್ನೇ ಸಿ ಡ್ರೈವ್‌ನಲ್ಲಿ ಆಂಡ್ರಾಯ್ಡ್ ಎಂಬ ಚಿಕ್ಕ ಇಂಗ್ಲಿಷ್ ಹೆಸರಿನ ಫೋಲ್ಡರ್‌ಗೆ ಒಯ್ದು, ಸ್ಟುಡಿಯೋ ಸೆಟ್ಟಿಂಗ್ಸ್‌ನಲ್ಲಿ ಹೊಸ ಜಾಗ ತೋರಿಸಿ. ಪ್ರಾಜೆಕ್ಟ್ ಫೋಲ್ಡರ್ ಕೂಡ ಆಳದಲ್ಲಿ ಇಡಬೇಡಿ. ಡೆಸ್ಕ್‌ಟಾಪ್, ಅದರೊಳಗೆ ಹೊಸ ಫೋಲ್ಡರ್, ಅದರೊಳಗೆ ಇನ್ನೊಂದು, ಹೀಗೆ ಹೋದರೆ ಸಿ ಪ್ಲಸ್ ಪ್ಲಸ್ ಭಾಗದ ಬಿಲ್ಡ್ ನೋಡಿಕೊಳ್ಳುವ ಸಿಮೇಕ್ ತಯಾರಿಸುವ ಆಬ್ಜೆಕ್ಟ್ ಫೈಲ್‌ಗಳ ಪಾತ್ 250 ಅಕ್ಷರ ದಾಟುತ್ತದೆ. ಆಗ ಬರುವ ಎರರ್ ಓದಿದರೆ ಕಾರಣ ಪಾತ್‌ನ ಉದ್ದ ಅಂತ ಹೊಳೆಯುವುದೇ ಇಲ್ಲ.

ಎನ್‌ಡಿಕೆಗೆ ಕೈಯಿಂದ ಪಾತ್ ಕೊಡಬೇಕಾದ ಸಂದರ್ಭ ಇಲ್ಲವೇ ಇಲ್ಲ ಅಂತಲ್ಲ. ಎಸ್‌ಡಿಕೆಯ ಹೊರಗೆ, ಬೇರೆ ಡ್ರೈವ್‌ನಲ್ಲಿ ಎನ್‌ಡಿಕೆ ಇಟ್ಟ ಬಿಲ್ಡ್ ಸರ್ವರ್ ಇದ್ದರೆ ಎನ್‌ಡಿಕೆಪಾತ್ ಎಂಬ ಸೆಟ್ಟಿಂಗ್ ಇದೆ. ಅದರ ಜೊತೆ ವರ್ಷನ್ ಕೂಡ ಬರೆಯಿರಿ, ಎರಡೂ ತಾಳೆಯಾಗಬೇಕು. ಆಂಡ್ರಾಯ್ಡ್ ಎನ್‌ಡಿಕೆ ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಬಗ್ಗೆಯೂ ನೀವು ಕೇಳಿರಬಹುದು. ರಸ್ಟ್‌ನಂಥ ಬೇರೆ ಭಾಷೆಗಳ ಟೂಲ್‌ಗಳು ಅದನ್ನು ನೋಡುತ್ತವೆ. ಈಗಿನ ಗ್ರೇಡಲ್ ಪ್ಲಗಿನ್ ಅದನ್ನು ನೆಚ್ಚಿಕೊಂಡಿಲ್ಲ. ನಿಮ್ಮಿಬ್ಬರಿಗೆ ಇವೆರಡೂ ಬೇಡ.

ಈಗ ಮುಖ್ಯ ಪ್ರಶ್ನೆ, ಯಾವ ವರ್ಷನ್?

ನೀವು ಏನೂ ಬರೆಯದಿದ್ದರೆ ಯಾರೋ ನಿಮ್ಮ ಪರವಾಗಿ ಆರಿಸುತ್ತಾರೆ. ಬರೀ ಆಂಡ್ರಾಯ್ಡ್ ಪ್ರಾಜೆಕ್ಟ್ ಆದರೆ ಗ್ರೇಡಲ್ ಪ್ಲಗಿನ್ ಆರಿಸುತ್ತದೆ. 8.0ರಲ್ಲಿ ಅದರ ಆಯ್ಕೆ 25.1.8937393 ಇತ್ತು, 8.7ರಲ್ಲಿ 27.0.12077973 ಆಯಿತು. ಫ್ಲಟರ್ ಪ್ರಾಜೆಕ್ಟ್ ಆದರೆ ಫ್ಲಟರ್ ಆರಿಸುತ್ತದೆ. ಆಪ್ ಫೋಲ್ಡರ್‌ನ ಬಿಲ್ಡ್ ಡಾಟ್ ಗ್ರೇಡಲ್ ತೆರೆಯಿರಿ, ಆಂಡ್ರಾಯ್ಡ್ ಬ್ಲಾಕ್‌ನಲ್ಲಿ ಎನ್‌ಡಿಕೆವರ್ಷನ್ ಮುಂದೆ ‘ಫ್ಲಟರ್ ಡಾಟ್ ಎನ್‌ಡಿಕೆವರ್ಷನ್’ ಎಂದಿರುತ್ತದೆ. ಅಂದರೆ ಫ್ಲಟರ್ ಏನು ಹೇಳುತ್ತದೋ ಅದು. ಇದರಲ್ಲಿ ಒಂದು ಅಪಾಯವಿದೆ. ನೀವು ಫ್ಲಟರ್ ಅಪ್‌ಗ್ರೇಡ್ ಮಾಡಿ ಗೆಳೆಯರು ಮಾಡದಿದ್ದರೆ, ಒಂದೇ ಕೋಡ್, ಇಬ್ಬರಿಗೂ ಬೇರೆ ಬೇರೆ ಎನ್‌ಡಿಕೆ. ನಿಮ್ಮದೇ ಸಿ ಪ್ಲಸ್ ಪ್ಲಸ್ ಕೋಡ್ ಇರುವ ಪ್ರಾಜೆಕ್ಟ್‌ನಲ್ಲಿ ಇದನ್ನು ಬೇರೆಯವರ ಕೈಗೆ ಬಿಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಪೂರ್ತಿ ನಂಬರನ್ನೇ ಬರೆಯಿರಿ. ಬರೀ 27 ಅಂತ ಬರೆದರೆ ನಡೆಯುವುದಿಲ್ಲ, ಮೂರು ಭಾಗವೂ ಬೇಕು. ಫೈಲ್ ಹೆಸರಿನ ಕೊನೆಗೆ ಕೆಟಿಎಸ್ ಇದ್ದರೆ ಅದು ಕಾಟ್ಲಿನ್, ಅಲ್ಲಿ ಈಕ್ವಲ್ ಗುರುತು ಬೇಕು ಮತ್ತು ಡಬಲ್ ಕೋಟ್ಸ್ ಒಳಗೇ ನಂಬರ್ ಬರೆಯಬೇಕು.

ಪ್ಲಗಿನ್ ಕೇಳುತ್ತಿರುವುದು 27. ಇರುವುದರಲ್ಲಿ ದೊಡ್ಡ ವರ್ಷನ್ ಹಾಕಿ, ಹೊಸದು ಹಳೆಯದಕ್ಕೆ ಹೊಂದುತ್ತದೆ ಎಂದು ಫ್ಲಟರ್‌ನ ಎಚ್ಚರಿಕೆಯಲ್ಲೇ ಇರುತ್ತದೆ. ಈ ಸಲಹೆ ಬಹುಮಟ್ಟಿಗೆ ಸರಿ. ಪ್ಲಗಿನ್‌ಗಳ ಮಟ್ಟಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಎನ್‌ಡಿಕೆ ಹಳೆಯದನ್ನು ಆಗಾಗ ಬಿಡುತ್ತಾ ಬಂದಿದೆ ಅನ್ನುವುದೂ ಗೊತ್ತಿರಲಿ. ಆರ್17ರಲ್ಲಿ, ಅಂದರೆ ಎನ್‌ಡಿಕೆ 17ರಲ್ಲಿ, ಮಿಪ್ಸ್ ಮತ್ತು ಹಳೇ ಆರ್ಮ್‌ಇಎಬಿಐ ಎಂಬ ಪ್ರೊಸೆಸರ್ ಬಗೆಗಳು ಹೋದವು. ಆರ್18ರಲ್ಲಿ ಜಿಸಿಸಿ ಕಂಪೈಲರನ್ನೇ ತೆಗೆದು ಪೂರ್ತಿ ಕ್ಲ್ಯಾಂಗ್ ಮಾಡಿದರು. ‘ಎನ್‌ಡಿಕೆ ಟೂಲ್‌ಚೈನ್ಸ್ ಫೋಲ್ಡರ್‌ನಲ್ಲಿ ಮಿಪ್ಸ್ ಸಿಗಲಿಲ್ಲ’ ಎಂದು ಹಳೇ ಪ್ರಾಜೆಕ್ಟ್‌ಗಳು ಕೊಡುತ್ತಿದ್ದ ಎರರ್ ಇದರದೇ ಫಲ: ಹಳೇ ಗ್ರೇಡಲ್ ಪ್ಲಗಿನ್, ಹೊಸ ಎನ್‌ಡಿಕೆ. ಆರ್26ರಿಂದ ಕನಿಷ್ಠ ಎಪಿಐ 21, ಅಂದರೆ ಆಂಡ್ರಾಯ್ಡ್ 5. ಮಿಲ್‌ನ ಕಾಟಾ ರೂಮಿನಲ್ಲಿ ಇನ್ನೂ ಕಿಟ್‌ಕ್ಯಾಟ್ (ಆಂಡ್ರಾಯ್ಡ್ 4.4) ಟ್ಯಾಬ್ಲೆಟ್ ಬಳಸುತ್ತಿದ್ದರೆ ಅದನ್ನು ಬದಲಿಸಬೇಕಾಗುತ್ತದೆ ಎಂದು ಮಾಲೀಕರಿಗೆ ಈಗಲೇ ಹೇಳಿಬಿಡಿ.

ಹಾಗಾದರೆ 27 ಹಾಕಿಬಿಡೋಣ ಅಲ್ವಾ? ನಿಮ್ಮ ನಾಲ್ಕನೇ ತೊಂದರೆ, ಅಂದರೆ ಆ 16 ಕೆಬಿ ವಿಷಯ, ಇಲ್ಲದಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಆಂಡ್ರಾಯ್ಡ್ ಫೋನ್‌ಗಳು ಇಷ್ಟು ದಿನ ಮೆಮೊರಿಯನ್ನು 4 ಕೆಬಿ ಪುಟಗಳಾಗಿ ಹಂಚುತ್ತಿದ್ದವು. ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟದ ಫೋನ್‌ಗಳಿಗೂ ಅವಕಾಶವಿದೆ. 4 ಕೆಬಿ ಲೆಕ್ಕದಲ್ಲಿ ಕಟ್ಟಿದ ಸಿ ಪ್ಲಸ್ ಪ್ಲಸ್ ಲೈಬ್ರರಿ ಅಂಥ ಫೋನಿನಲ್ಲಿ ಲೋಡ್ ಆಗದೇ ಹೋಗಬಹುದು. ಅದಕ್ಕೇ ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಮೇಲಿನದನ್ನು ಟಾರ್ಗೆಟ್ ಮಾಡುವ ಹೊಸ ಆಪ್‌ಗಳಿಗೂ ಅಪ್‌ಡೇಟ್‌ಗಳಿಗೂ 2025ರ ನವೆಂಬರ್ 1ರಿಂದ ಪ್ಲೇ ಸ್ಟೋರ್ 16 ಕೆಬಿಗೆ ಹೊಂದುವುದನ್ನು ಕಡ್ಡಾಯ ಮಾಡಿತು. ಈ ನಿಯಮ 64 ಬಿಟ್ ಲೈಬ್ರರಿಗಳಿಗೆ ಮಾತ್ರ. ಎನ್‌ಡಿಕೆ ಆರ್28ರಿಂದ ಇದು ತಾನಾಗಿಯೇ ಆಗುತ್ತದೆ. ಆರ್27ರಲ್ಲಿ ಸಿಮೇಕ್‌ಗೆ ‘ಫ್ಲೆಕ್ಸಿಬಲ್ ಪೇಜ್ ಸೈಜಸ್’ ಎಂಬ ಸೆಟ್ಟಿಂಗ್ ನೀವೇ ಆನ್ ಮಾಡಬೇಕು. ಅದಕ್ಕೂ ಹಿಂದಿನದಾದರೆ ಲಿಂಕರ್‌ಗೆ (ಕಟ್ಟಿದ ತುಂಡುಗಳನ್ನು ಜೋಡಿಸುವ ಟೂಲ್) ಗರಿಷ್ಠ ಪುಟದ ಅಳತೆ 16384 ಎಂದು ಫ್ಲ್ಯಾಗ್ ಕೊಡಬೇಕು. ಸಾಧ್ಯ, ಆದರೆ ಮರೆಯುವುದೂ ಅಷ್ಟೇ ಸುಲಭ. ಹಾಗಾಗಿ ನನ್ನ ಸಲಹೆ ನೇರ: ಆರ್28ಸಿ ಹಾಕಿ. ಅದರ ಪೂರ್ತಿ ನಂಬರ್ 28.2.13676358. ಪ್ಲಗಿನ್ ಕೇಳಿದ 27ಕ್ಕಿಂತ ದೊಡ್ಡದು, ಆ ಎಚ್ಚರಿಕೆಯೂ ಹೋಗುತ್ತದೆ. ಗ್ರೇಡಲ್ ಪ್ಲಗಿನ್ 8.5.1 ಅಥವಾ ಅದಕ್ಕಿಂತ ಹೊಸದಿರಲಿ, ಇಲ್ಲದಿದ್ದರೆ ಲೈಬ್ರರಿ ಸರಿ ಇದ್ದರೂ ಎಪಿಕೆಯೊಳಗೆ ಅದನ್ನು ಇಡುವ ಜಾಗ ತಪ್ಪುತ್ತದೆ. ಸಿಮೇಕ್ ವರ್ಷನ್ ಕೂಡ ಅದೇ ಫೈಲ್‌ನಲ್ಲಿ ಬರೆದುಬಿಡಿ, 3.22.1 ಸಾಕು.

ವರ್ಷನ್ ಬದಲಿಸಿದ ಮೇಲೆ ಒಂದು ಕೆಲಸ ತಪ್ಪಿಸಬೇಡಿ. ಪ್ರಾಜೆಕ್ಟ್ ಒಳಗೆ ಡಾಟ್ ಸಿಎಕ್ಸ್‌ಎಕ್ಸ್ ಎಂಬ ಫೋಲ್ಡರ್ ಎಲ್ಲಿದ್ದರೂ ಕೈಯಿಂದಲೇ ಅಳಿಸಿ, ಬಿಲ್ಡ್ ಫೋಲ್ಡರ್ ಕೂಡ. ಹಳೇ ಎನ್‌ಡಿಕೆಯ ಕಂಪೈಲರ್ ಪಾತ್ ಸಿಮೇಕ್‌ನ ಕ್ಯಾಶ್‌ನಲ್ಲಿ ಉಳಿದಿರುತ್ತದೆ. ಇಬ್ಬರದೂ ಬಿಲ್ಡ್ ಆಯಿತು ಅಂತ ಖಾತ್ರಿಯಾದ ಮೇಲೆ 25 ಮತ್ತು 26ರ ಫೋಲ್ಡರ್‌ಗಳನ್ನು ತೆಗೆದು ಡಿಸ್ಕ್ ಖಾಲಿ ಮಾಡಿಕೊಳ್ಳಿ, ಬೇರೆ ಪ್ರಾಜೆಕ್ಟ್‌ಗೆ ಅವು ಬೇಡವಾಗಿದ್ದರೆ.

ಇಷ್ಟಕ್ಕೆ ನಿಮ್ಮ ಕೋಡ್ ಸರಿಹೋಗುತ್ತದೆ. ಕಾಟಾ ಕಂಪನಿಯವರು ಕೊಟ್ಟ ಲೈಬ್ರರಿ ಸರಿಹೋಗುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ತಂದದ್ದು ಇದೊಂದೇ. ಅದು ಅವರು ಯಾವತ್ತೋ, ಯಾವುದೋ ಎನ್‌ಡಿಕೆಯಲ್ಲಿ ಕಟ್ಟಿ ಮುಗಿಸಿದ ಎಸ್‌ಒ ಫೈಲ್. ನೀವು ಎಷ್ಟೇ ಹೊಸ ಎನ್‌ಡಿಕೆ ಹಾಕಿದರೂ ಗ್ರೇಡಲ್ ಅದನ್ನು ಮತ್ತೆ ಕಟ್ಟುವುದಿಲ್ಲ, ಎತ್ತಿ ಎಪಿಕೆಗೆ ಹಾಕುತ್ತದೆ ಅಷ್ಟೇ. ಪ್ಲಗಿನ್‌ಗಳ ಜೊತೆ ರೆಡಿ ಬರುವ ಎಸ್‌ಒಗಳಿಗೂ ಇದೇ ಮಾತು. ಅವನ್ನು ಹೊಸ ಬಿಡುಗಡೆಗೆ ಅಪ್‌ಡೇಟ್ ಮಾಡುವುದೊಂದೇ ದಾರಿ.

ನೋಡುವುದು ಹೇಗೆ? ಬಿಲ್ಡ್ ಆದ ಎಪಿಕೆಯನ್ನು ಆಂಡ್ರಾಯ್ಡ್ ಸ್ಟುಡಿಯೋದ ಎಪಿಕೆ ಅನಲೈಸರ್‌ನಲ್ಲಿ ತೆರೆದು ಲಿಬ್ ಫೋಲ್ಡರ್ ಬಿಚ್ಚಿ. ಹೊಸ ಸ್ಟುಡಿಯೋದಲ್ಲಿ ಅಲೈನ್‌ಮೆಂಟ್ ಎಂಬ ಕಾಲಂ ಇದೆ, ಹೊಂದದ ಫೈಲ್ ಮುಂದೆ ಎಚ್ಚರಿಕೆ ಕಾಣುತ್ತದೆ. ಇನ್ನೂ ಖಚಿತವಾಗಬೇಕೆಂದರೆ ಎನ್‌ಡಿಕೆ ಒಳಗೇ ಎಲ್‌ಎಲ್‌ವಿಎಂ-ರೀಡ್‌ಎಲ್ಫ್ ಎಂಬ ಟೂಲ್ ಇದೆ, ಕಂಪೈಲರ್‌ಗಳಿರುವ ಅದೇ ಬಿನ್ ಫೋಲ್ಡರ್‌ನಲ್ಲಿ. ಡ್ಯಾಶ್ ಎಲ್ ಆಯ್ಕೆ ಕೊಟ್ಟು ಆ ಎಸ್‌ಒ ಫೈಲ್ ಓದಿಸಿ. ಲೋಡ್ ಎಂದು ಶುರುವಾಗುವ ಸಾಲುಗಳ ಕೊನೆಯ ಕಾಲಂ ನೋಡಿ. 0x4000 ಇದ್ದರೆ 16 ಕೆಬಿ, ಪಾಸು. 0x1000 ಇದ್ದರೆ 4 ಕೆಬಿ, ಫೇಲು. 64 ಬಿಟ್ ಫೋನ್‌ಗಳಿಗಾಗಿ ಇರುವ ಆರ್ಮ್64-ವಿ8ಎ ಫೋಲ್ಡರ್‌ನ ಫೈಲನ್ನೇ ನೋಡಿ. ಆ ಫೋಲ್ಡರೇ ಇಲ್ಲದೆ ಕಂಪನಿಯವರು ಬರೀ 32 ಬಿಟ್ ಕೊಟ್ಟಿದ್ದರೆ ತೊಂದರೆ ಇನ್ನೂ ದೊಡ್ಡದು. 64 ಬಿಟ್ ಇರಲೇಬೇಕು ಅನ್ನುವುದು 2019ರ ಆಗಸ್ಟ್‌ನಿಂದಲೇ ಇರುವ ನಿಯಮ.

ಇದೇ ಕೈಯಲ್ಲಿ ಇನ್ನೊಂದು ವಿಷಯ ನೋಡಿಬಿಡಿ. ಅವರ ಲೈಬ್ರರಿ ಜೊತೆ ‘ಲಿಬ್ ಸಿ ಪ್ಲಸ್ ಪ್ಲಸ್ ಶೇರ್ಡ್’ (ಸಿ ಪ್ಲಸ್ ಪ್ಲಸ್‌ನ ಮೂಲ ಲೈಬ್ರರಿ) ಎಂಬ ಎಸ್‌ಒ ಕೂಡ ಬಂದಿರಬಹುದು. ನಿಮ್ಮ ಎನ್‌ಡಿಕೆಯಿಂದಲೂ ಅದೇ ಹೆಸರಿನದು ಬಂದರೆ ಎರಡು ಫೈಲ್ ಒಂದೇ ಜಾಗದಲ್ಲಿವೆ ಎಂದು ಬಿಲ್ಡ್ ನಿಲ್ಲುತ್ತದೆ. ಪಿಕ್‌ಫಸ್ಟ್, ಅಂದರೆ ಮೊದಲು ಸಿಕ್ಕಿದ್ದನ್ನು ತಗೋ, ಎಂದು ಬರೆದು ದಾಟಿಸುವವರು ಬಹಳ. ಹಾಗೆ ಮಾಡಿದರೆ ಯಾವುದು ಒಳಗೆ ಹೋಯಿತು ಅಂತ ನೋಡದೆ ಬಿಡಬೇಡಿ, ಹೊಸ ಎನ್‌ಡಿಕೆಯದೇ ಇರಬೇಕು. ಅವರ ಕಟ್ಟಿನಲ್ಲಿರುವುದನ್ನು ಅಳಿಸಿ ನಿಮ್ಮದನ್ನು ಉಳಿಸುವುದು ಇನ್ನೂ ಒಳ್ಳೆಯದು.

ಕಂಪನಿಯವರಿಗೆ ಇವತ್ತೇ ಒಂದು ಮೇಲ್ ಬರೆಯಿರಿ. ‘ಅಪ್‌ಡೇಟ್ ಕೊಡಿ’ ಅಂತಷ್ಟೇ ಬರೆದರೆ ಉತ್ತರ ಬರುವುದಿಲ್ಲ. ಎನ್‌ಡಿಕೆ ಆರ್28ರಲ್ಲಿ ಕಟ್ಟಿದ, 16 ಕೆಬಿಗೆ ಹೊಂದುವ, ಆರ್ಮ್64-ವಿ8ಎ ಎಸ್‌ಒ ಬೇಕು ಎಂದು ಕೇಳಿ, ನಿಮ್ಮ ರೀಡ್‌ಎಲ್ಫ್‌ನ ಫಲಿತಾಂಶವನ್ನೂ ಜೊತೆಗೆ ಹಾಕಿ. ಅದೇ ಮೇಲ್‌ನಲ್ಲಿ ಇಂಡಿಕೇಟರ್‌ನ (ಕಾಟಾದ ತೂಕ ತೋರಿಸುವ ಪೆಟ್ಟಿಗೆ) ಸೀರಿಯಲ್ ವಿವರವನ್ನೂ, ಅಂದರೆ ಅದು ಕೇಬಲ್‌ನಲ್ಲಿ ಡೇಟಾ ಕಳಿಸುವ ಕ್ರಮವನ್ನೂ ಕೇಳಿ: ಬಾಡ್ ರೇಟ್ ಎಷ್ಟು, ಎಷ್ಟು ಡೇಟಾ ಬಿಟ್, ಪ್ಯಾರಿಟಿ ಏನು, ತೂಕದ ಸಾಲು ಯಾವ ಅಕ್ಷರದಿಂದ ಶುರುವಾಗಿ ಯಾವುದಕ್ಕೆ ಮುಗಿಯುತ್ತದೆ. ಕಾಟಾ ಇಂಡಿಕೇಟರ್‌ಗಳಲ್ಲಿ ಹಲವು ತೂಕವನ್ನು ಸಾದಾ ಅಕ್ಷರಗಳಲ್ಲೇ ಕಳಿಸುತ್ತವೆ. ನಿಮ್ಮದೂ ಹಾಗೇ ಇದ್ದರೆ ಅವರ ಲೈಬ್ರರಿಯನ್ನೇ ಬಿಟ್ಟು, ಆ ಭಾಗವನ್ನೂ ನಿಮ್ಮ ಸಿ ಪ್ಲಸ್ ಪ್ಲಸ್ ಕೋಡ್‌ಗೆ ಸೇರಿಸಿಕೊಳ್ಳಬಹುದು.